ಕಲ್ಲುಹೂವು: ಒಂದು ಜೀವವೋ, ಎರಡೋ?

ಕಿರಾಣಿ ಅಂಗಡಿಯಲ್ಲಿ ಲವಂಗ, ದಾಲ್ಚಿನ್ನಿ, ಮರಾಟಿ ಮೊಗ್ಗುಗಳ ಸಾಲಿನಲ್ಲಿಯೇ ಇನ್ನೊಂದು ಡಬ್ಬಿ ಇರುತ್ತದೆ. ಅದರೊಳಗೆ ಸುಕ್ಕುಗಟ್ಟಿ ಒಣಗಿದ ಎಲೆಯ ಚೂರುಗಳಂತೆ ತೋರುವ ಪದಾರ್ಥ. ಒಂದು ಮಗ್ಗುಲು ಬೂದು, ಮತ್ತೊಂದು ಮಗ್ಗುಲು ಕಪ್ಪು. ತಕ್ಕಡಿಯಲ್ಲಿ ಹಾಕಿದರೆ ತೂಕವೇ ಇಲ್ಲವೆಂಬಷ್ಟು ಹಗುರ. ಕನ್ನಡದಲ್ಲಿ ಇದಕ್ಕೆ ಕಲ್ಲುಹೂವು ಎಂದು ಹೆಸರು. ಮರಾಠಿಯಲ್ಲಿ ದಗಡ್ ಫೂಲ್, ತಮಿಳಿನಲ್ಲಿ ಕಲ್ಪಾಸಿ, ಆಯುರ್ವೇದದಲ್ಲಿ ಶೈಲೇಯ. ಹೆಸರಿನಲ್ಲಿ ಹೂವಿದ್ದರೂ ಇದು ಹೂವಲ್ಲ. ಕಲ್ಲಿನ ಮೇಲಷ್ಟೇ ಬೆಳೆಯುವುದೂ ಇಲ್ಲ. ಅಂಗಡಿಗೆ ಬರುವ ಸರಕಿನಲ್ಲಿ ಮರದ ತೊಗಟೆಯಿಂದ ಬಿಡಿಸಿದ್ದೂ ಧಾರಾಳವಾಗಿರುತ್ತದೆ. ತಮಿಳರು ಅದನ್ನು ಕಲ್ಲಿನ ಪಾಚಿಯೆಂದರು, ಕನ್ನಡಿಗರು ಕಲ್ಲಿನ ಹೂವೆಂದರು. ಎರಡೂ ನೋಟಕ್ಕೆ ತಕ್ಕ ಹೆಸರುಗಳೇ ಹೊರತು ವಸ್ತುವಿನ ನಿಜಸ್ವರೂಪವನ್ನು ತಿಳಿಸುವವಲ್ಲ.

ಹಾಗಾದರೆ ನಿಜಸ್ವರೂಪವೇನು? ಇದು ಸಸ್ಯವೋ, ಪಾಚಿಯೋ, ಅಣಬೆಯ ಜಾತಿಯೋ? ಉಳಿದವರಿಗೆ ಈ ಪ್ರಶ್ನೆ ಕ್ಷುಲ್ಲಕವಾಗಿ ಕಾಣಬಹುದು. ಕಂದಮೂಲಗಳನ್ನೂ ಅಣಬೆಯನ್ನೂ ವರ್ಜಿಸುವ ಜೈನ ಗೃಹಸ್ಥರಿಗೆ ಅದು ಕ್ಷುಲ್ಲಕವಲ್ಲ. ಅಣಬೆಯನ್ನು ಹೊಸ್ತಿಲೊಳಗೆ ಸೇರಿಸದ ಮನೆಗಳಲ್ಲಿಯೂ ಮಸಾಲೆಯ ಡಬ್ಬಿಯಲ್ಲಿ ಕಲ್ಲುಹೂವು ಇರುವುದುಂಟು. ವಿಜ್ಞಾನಿಗಳ ಪಾಲಿಗಂತೂ ಇದೇ ಪ್ರಶ್ನೆ 19ನೆಯ ಶತಮಾನದ ಉತ್ತರಾರ್ಧದಲ್ಲಿ ದೊಡ್ಡ ವಾಗ್ವಾದವಾಗಿ ಬೆಳೆಯಿತು. ಜೀವಿಗಳನ್ನು ಹೇಗೆ ವಿಂಗಡಿಸಬೇಕು, ಒಂದು ಜೀವಿಗೂ ಇನ್ನೊಂದು ಜೀವಿಗೂ ಇರುವ ಸಂಬಂಧವನ್ನು ಯಾವ ಮಾತಿನಲ್ಲಿ ಹೇಳಬೇಕು ಎಂಬ ಎರಡೂ ವಿಚಾರಗಳು ಆ ವಾದದಲ್ಲಿ ಒಂದರೊಡನೊಂದು ಹೆಣೆದುಕೊಂಡಿದ್ದವು.

ವಿಂಗಡಣೆಯ ಪ್ರತಿಯೊಂದು ಪದ್ಧತಿಯ ಹಿಂದೆಯೂ ಒಂದು ಪ್ರಶ್ನೆ ಅಡಗಿರುತ್ತದೆ. ಒಂದೇ ಮಾಲನ್ನು ದಾಸ್ತಾನು ಪುಸ್ತಕದಲ್ಲಿ ಒಂದು ಕ್ರಮದಲ್ಲಿಯೂ ಖಾತೆ ಪುಸ್ತಕದಲ್ಲಿ ಇನ್ನೊಂದು ಕ್ರಮದಲ್ಲಿಯೂ ಬರೆಯುವುದು ವ್ಯಾಪಾರಿಗಳಿಗೆ ತಿಳಿದ ಸಂಗತಿ. ಮೊದಲನೆಯದು ಮಾಲು ಎಷ್ಟಿದೆ ಎಂಬುದಕ್ಕೆ, ಎರಡನೆಯದು ಯಾರಿಂದ ಬಂತು, ಯಾರಿಗೆ ಹೋಯಿತು ಎಂಬುದಕ್ಕೆ. ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯವು ಸಂಸಾರಿ ಜೀವಿಗಳನ್ನು ತ್ರಸ, ಸ್ಥಾವರಗಳೆಂದು ಬೇರ್ಪಡಿಸಿ, ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗೆ ಕ್ರಮ ಹಚ್ಚುತ್ತದೆ. ಆ ಜೀವಿಗೆ ಎಷ್ಟು ಇಂದ್ರಿಯಗಳಿವೆ, ಅದು ಎಷ್ಟನ್ನು ಅನುಭವಿಸಬಲ್ಲದು ಎಂಬುದು ಅಲ್ಲಿನ ಪ್ರಶ್ನೆ. ಹಿಂಸೆ-ಅಹಿಂಸೆಗಳ ವಿಚಾರಕ್ಕೆ ಬೇಕಾದದ್ದು ಆ ಪ್ರಶ್ನೆಯೇ. ಸ್ವೀಡನ್ ದೇಶದ ಕಾರ್ಲ್ ಲಿನೇಯಸನ ಪ್ರಶ್ನೆ ಬೇರೆ. 1735ರಲ್ಲಿ ಮೊದಲು ಪ್ರಕಟವಾದ ಆತನ ಪದ್ಧತಿಯಲ್ಲಿ ಹೂವಿನ ಕೇಸರಗಳನ್ನು ಎಣಿಸಿ, ಅವುಗಳ ಜೋಡಣೆಯನ್ನು ನೋಡಿ ಸಸ್ಯಗಳನ್ನು 24 ವರ್ಗಗಳಾಗಿ ಹಂಚಲಾಯಿತು. ಈ ಗಿಡದ ಹೆಸರೇನೆಂದು ಯಾವ ದೇಶದವನೂ ಸುಲಭವಾಗಿ ಕಂಡುಹಿಡಿಯುವಂತಾಗಬೇಕು ಎಂಬುದು ಆತನ ಉದ್ದೇಶ. ಡಾರ್ವಿನ್ನನ ತರುವಾಯ ಬಂದವರದು ಮೂರನೆಯ ಪ್ರಶ್ನೆ: ಯಾವುದು ಯಾವುದರಿಂದ ಹುಟ್ಟಿಬಂತು, ಯಾರು ಯಾರ ವಂಶಸ್ಥರು? ಈ ಮೂರರಲ್ಲಿ ಒಂದನ್ನು ಹಿಡಿದು ಇನ್ನೊಂದನ್ನು ತಪ್ಪೆನ್ನುವುದು ಖಾತೆ ಪುಸ್ತಕದಿಂದ ದಾಸ್ತಾನು ಪುಸ್ತಕವನ್ನು ಅಲ್ಲಗಳೆದಂತೆ.

ಹೂಬಿಡದ ಗಿಡಗಳಿಗೆ ಕೇಸರವೆಲ್ಲಿಂದ ಬರಬೇಕು? ಅವುಗಳನ್ನೆಲ್ಲ ಲಿನೇಯಸನು ಕೊನೆಯ, 24ನೆಯ ವರ್ಗಕ್ಕೆ ನೂಕಿದನು. ಅವುಗಳ ವಿವಾಹ ಗುಪ್ತವಾದದ್ದು ಎಂಬುದೇ ಆ ವರ್ಗದ ಹೆಸರಿನ ಅರ್ಥ. 1753ರ ಆತನ ಸಸ್ಯಗ್ರಂಥದಲ್ಲಿ ಕಲ್ಲುಹೂವಿನ ಬಳಗದ ಸುಮಾರು 80 ಪ್ರಭೇದಗಳಿಗೆ ದೊರೆತದ್ದು ಲೈಕೆನ್ ಎಂಬ ಒಂದೇ ಒಂದು ಕುಲ. ಅದೂ ಪಾಚಿಗಳ ಗಣದೊಳಗೆ. ಸಸ್ಯಲೋಕದಲ್ಲಿ ಇವು ಕಡುಬಡವ ಒಕ್ಕಲುಗಳೆಂದು ಆತ ಭಾವಿಸಿದ್ದನೆಂದು ಹೇಳುತ್ತಾರೆ. ಬಡವರ ಮನೆಯ ಲೆಕ್ಕ ಯಾರಿಗೂ ಬೇಡವಾಗಿದ್ದ ಕಾಲದಲ್ಲಿ ಅದನ್ನು ಕೈಗೆತ್ತಿಕೊಂಡವನು ಲಿನೇಯಸನ ಕಡೆಯ ಶಿಷ್ಯರಲ್ಲೊಬ್ಬನಾದ ಎರಿಕ್ ಅಖಾರಿಯಸ್. ವೃತ್ತಿಯಿಂದ ವೈದ್ಯನಾಗಿದ್ದ ಈತ 1803ರಲ್ಲಿಯೂ 1810ರಲ್ಲಿಯೂ ಪ್ರಕಟಿಸಿದ ಗ್ರಂಥಗಳಲ್ಲಿ ಲೈಕೆನ್‌ಗಳನ್ನು ಹಲವು ಕುಲಗಳಾಗಿ ಬಿಡಿಸಿ ಒಂದು ಪ್ರತ್ಯೇಕ ಶಾಸ್ತ್ರಕ್ಕೇ ತಳಹದಿ ಹಾಕಿದನು. ಅಲ್ಲಿಂದ ಮುಂದೆ ಸುಮಾರು ಅರ್ಧ ಶತಮಾನದ ಕಾಲ ಯೂರೋಪಿನ ವಿದ್ವಾಂಸರು ಬಂಡೆ ಬಂಡೆಗಳನ್ನು ಹತ್ತಿ, ತೊಗಟೆ ತೊಗಟೆಗಳನ್ನು ತಡವಿ ಸಾವಿರಾರು ಪ್ರಭೇದಗಳನ್ನು ಹೆಸರಿಸಿದರು. ಪಾಚಿಯೂ ಅಲ್ಲದ, ಶಿಲೀಂಧ್ರವೂ ಅಲ್ಲದ, ತನ್ನದೇ ಆದ ಸ್ವತಂತ್ರ ಸಸ್ಯವರ್ಗವಿದು ಎಂಬುದರಲ್ಲಿ ಅವರಿಗೆ ಸಂದೇಹವಿರಲಿಲ್ಲ.

ಸೂಕ್ಷ್ಮದರ್ಶಕದಲ್ಲಿ ನೋಡಿದವರಿಗೆ ಒಂದು ವಿಚಿತ್ರ ಮಾತ್ರ ಕಾಣುತ್ತಿತ್ತು. ಲೈಕೆನ್ನಿನ ಒಂದು ತೆಳುವಾದ ಸೀಳನ್ನು ಅಡ್ಡವಾಗಿ ಕತ್ತರಿಸಿ ನೋಡಿದರೆ ಮೇಲೊಂದು ಬಣ್ಣವಿಲ್ಲದ ಎಳೆಗಳ ಗಟ್ಟಿ ಹೊದಿಕೆ. ಅದರ ಕೆಳಗೆ ಹಸಿರು ಗುಂಡುಕಾಳುಗಳ ಒಂದು ಪದರ. ಮತ್ತೆ ಕೆಳಗೆ ಸಡಿಲವಾದ ಎಳೆಗಳ ಜಾಲ. ಹಸಿರು ಕಾಳುಗಳಿಗೆ 1825ರಲ್ಲಿ ಜರ್ಮನಿಯ ವಾಲ್‌ರೋತ್ ಎಂಬಾತ ಗೊನಿಡಿಯಾ ಎಂದು ಹೆಸರಿಟ್ಟನು. ಎಳೆಗಳ ತುದಿಯಲ್ಲಿ, ಬಳ್ಳಿಯಲ್ಲಿ ಮೊಗ್ಗು ಮೂಡುವಂತೆ, ಈ ಕಾಳುಗಳು ಮೂಡುತ್ತವೆಂದು ಎಲ್ಲರೂ ನಂಬಿದ್ದರು. ಅದನ್ನು ಕಣ್ಣಾರೆ ಕಂಡೆವೆಂದವರೂ ಇದ್ದರು.

1867ರ ಸೆಪ್ಟೆಂಬರ್ 10ರಂದು ಸ್ವಿಟ್ಜರ್‌ಲೆಂಡಿನ ರೈನ್‌ಫೆಲ್ಡೆನ್ ಎಂಬ ಊರಿನಲ್ಲಿ ಆ ದೇಶದ ನಿಸರ್ಗವಿಜ್ಞಾನಿಗಳ ವಾರ್ಷಿಕ ಸಮ್ಮೇಳನ ನಡೆದಿತ್ತು. ಅಲ್ಲಿ 38 ವರ್ಷದ ಸೀಮೋನ್ ಶ್ವೆಂಡನರ್ ಎಂಬ ಸಸ್ಯಶಾಸ್ತ್ರಜ್ಞನು ಎದ್ದುನಿಂತು ಸಾರಾಂಶವಾಗಿ ಇಷ್ಟು ಹೇಳಿದನು: ಲೈಕೆನ್ ಒಂದು ಸ್ವತಂತ್ರ ಸಸ್ಯವೇ ಅಲ್ಲ, ಎಳೆಗಳು ಶಿಲೀಂಧ್ರದವು, ಹಸಿರು ಕಾಳುಗಳು ಪಾಚಿಯವು, ಎರಡು ಬೇರೆ ಬೇರೆ ಜೀವಿಗಳು ಕೂಡಿ ಒಂದಾಗಿ ಕಾಣುತ್ತಿವೆ. ಶ್ವೆಂಡನರ್ ರೈತನ ಮಗ. ಹಲವು ವರ್ಷಗಳ ಕಾಲ ಲೈಕೆನ್ನಿನ ಒಳರಚನೆಯನ್ನು ಸೀಳು ಸೀಳಾಗಿ ಪರೀಕ್ಷಿಸಿದವನು. ಬೇರಾವ ಲೈಕೆನ್ನಿಗೆ ಯಾವ ಪಾಚಿ ಎಂದು ಹೋಲಿಸಿ ತೋರಿಸುವ ಆತನ ಗ್ರಂಥ 1869ರಲ್ಲಿ ಹೊರಬಂದಿತು.

ಅಷ್ಟಕ್ಕೇ ನಿಂತಿದ್ದರೆ ವಾದ ಶಾಂತವಾಗಿ ನಡೆಯುತ್ತಿತ್ತೇನೋ. ಆದರೆ ಶ್ವೆಂಡನರ್ ತನ್ನ ಮಾತಿಗೆ ಒಂದು ಉಪಮೆಯನ್ನು ಜೋಡಿಸಿದನು. ಶಿಲೀಂಧ್ರವು ಯಜಮಾನ, ಪಾಚಿಗಳು ಅದರ ಬಲೆಯಲ್ಲಿ ಸಿಕ್ಕಿದ ಗುಲಾಮರು, ಜೇಡವು ತನ್ನ ಬೇಟೆಯನ್ನು ಸುತ್ತುವಂತೆ ಶಿಲೀಂಧ್ರವು ಅವುಗಳನ್ನು ಎಳೆಗಳಿಂದ ಸುತ್ತಿ, ಅವು ದುಡಿದದ್ದನ್ನು ತಾನು ಉಣ್ಣುತ್ತದೆ ಎಂಬುದು ಅದರ ಭಾವ. ಅಮೆರಿಕದಲ್ಲಿ ಗುಲಾಮಗಿರಿಯನ್ನು ಸಂವಿಧಾನದ ಮೂಲಕ ನಿಷೇಧಿಸಿ (1865) ನಾಲ್ಕೇ ವರ್ಷಗಳಾಗಿದ್ದ ಕಾಲ. ಕೇಳಿದವರ ಮನಸ್ಸಿನಲ್ಲಿ ಈ ಮಾತು ಎಂತಹ ಚಿತ್ರವನ್ನು ಎಬ್ಬಿಸಿರಬೇಕೆಂಬುದನ್ನು ಊಹಿಸಬಹುದು. ಎರಡು ಜೀವಿಗಳಿವೆ ಎಂಬುದು ಕಂಡ ಸಂಗತಿ. ಒಂದು ಒಡೆಯ, ಇನ್ನೊಂದು ಆಳು ಎಂಬುದು ಕಾಣದೆ ಸೇರಿಸಿದ ತೀರ್ಪು. ಇವೆರಡೂ ಒಂದೇ ಉಸಿರಿನಲ್ಲಿ ಹೊರಬಿದ್ದುದರಿಂದ, ತೀರ್ಪನ್ನು ಒಪ್ಪದವರು ಸಂಗತಿಯನ್ನೂ ತಳ್ಳಿಹಾಕಿದರು.

ವಿರೋಧಿಗಳಲ್ಲಿ ಅಗ್ರಗಣ್ಯನು ವಿಲ್ಹೆಲ್ಮ್ ನ್ಯೂಲಾಂಡರ್. ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕನಾಗಿದ್ದು, ಆ ಹುದ್ದೆಯನ್ನು ಬಿಟ್ಟು ಪ್ಯಾರಿಸ್ ನಗರದಲ್ಲಿ ನೆಲೆಸಿದ್ದ ಈತನಷ್ಟು ಲೈಕೆನ್‌ಗಳನ್ನು ಬಲ್ಲವರು ಆಗ ಯೂರೋಪಿನಲ್ಲಿ ವಿರಳ. ಬ್ರಿಟನ್ನಿನಲ್ಲಿ ಜೇಮ್ಸ್ ಕ್ರಾಂಬಿ ಎಂಬ ಪಾದ್ರಿ ಈತನ ಪಕ್ಷವನ್ನು ಹಿಡಿದನು. ಸೆರೆಸಿಕ್ಕ ಪಾಚಿ ಕನ್ಯೆಗೂ ದಬ್ಬಾಳಿಕೆಯ ಶಿಲೀಂಧ್ರ ಒಡೆಯನಿಗೂ ಬಲವಂತದ ಮದುವೆ ಮಾಡಿಸುವ ಕಟ್ಟುಕತೆಯಿದು ಎಂಬ ಅರ್ಥದಲ್ಲಿ 1874ರಲ್ಲಿ ಆತ ಗೇಲಿ ಮಾಡಿದನು. ಗೇಲಿಯ ಹಿಂದೆ ನೋವಿತ್ತೆಂಬುದನ್ನು ಮರೆಯಬಾರದು. ಜೀವಮಾನವೆಲ್ಲ ಸವೆಸಿ ಕಟ್ಟಿದ ವರ್ಗೀಕರಣವು ಇಲ್ಲದ ಒಂದು ವಸ್ತುವಿನ ವರ್ಗೀಕರಣವೆಂದು ಯಾರಾದರೂ ಹೇಳಿದರೆ, ಐವತ್ತು ವರ್ಷ ವ್ಯವಹಾರ ಮಾಡಿದ ಪೇಢಿಯ ಹೆಸರು ದಫ್ತರಿನಲ್ಲಿಯೇ ಇಲ್ಲವೆಂದು ಕೇಳಿದಂತಾಗುತ್ತದೆ. ನ್ಯೂಲಾಂಡರ್ 1899ರಲ್ಲಿ ತೀರಿಕೊಳ್ಳುವವರೆಗೂ ತನ್ನ ಅಭಿಪ್ರಾಯವನ್ನು ಬದಲಿಸಲಿಲ್ಲ.

ಇದೇ ನ್ಯೂಲಾಂಡರ್ ಇನ್ನೊಂದು ವಿಷಯದಲ್ಲಿ ಎಲ್ಲರಿಗಿಂತ ಮುಂದಿದ್ದನು. ಪ್ಯಾರಿಸ್ಸಿನ ಲಕ್ಸೆಂಬರ್ಗ್ ಉದ್ಯಾನದ ಮರಗಳನ್ನು ಗಮನಿಸಿ, ನಗರದ ಹೊಗೆ ಲೈಕೆನ್‌ಗಳಿಗೆ ಮಾರಕವೆಂದೂ ಅವುಗಳ ಇರವು ಗಾಳಿಯ ಶುದ್ಧಿಯನ್ನು ಅಳೆಯುವ ಮಾನದಂಡವಾಗಬಲ್ಲದೆಂದೂ 1866ರಲ್ಲಿಯೇ ಬರೆದಿದ್ದನು. ಇಂದು ವಾಯುಮಾಲಿನ್ಯವನ್ನು ಅಳೆಯಲು ಹಲವು ದೇಶಗಳಲ್ಲಿ ಲೈಕೆನ್‌ಗಳನ್ನು ಬಳಸುತ್ತಾರೆ. ಒಂದು ವಾದದಲ್ಲಿ ಸೋತವನ ಎಲ್ಲ ಮಾತೂ ಸುಳ್ಳಾಗುವುದಿಲ್ಲ.

ವಾದವನ್ನು ತೀರ್ಮಾನಿಸಿದ್ದು ಪ್ರಯೋಗ. ರಷ್ಯದ ಫಾಮಿಂಟ್ಸಿನ್ ಮತ್ತು ಬರನೆಟ್ಸ್ಕಿ ಎಂಬಿಬ್ಬರು 1867ರಲ್ಲಿಯೇ ಲೈಕೆನ್ನಿನಿಂದ ಹಸಿರು ಕಾಳುಗಳನ್ನು ಬಿಡಿಸಿ ಬೇರೆಯಾಗಿ ಬೆಳೆಸಿದ್ದರು. ಅವು ಸ್ವತಂತ್ರ ಪಾಚಿಗಳಂತೆಯೇ ವೃದ್ಧಿಯಾದವು. ಸೋಜಿಗವೆಂದರೆ, ಇದರಿಂದ ಅವರು ಮೊದಲು ತೆಗೆದ ತೀರ್ಮಾನ ತಲೆಕೆಳಗಾದದ್ದು: ಹೊರಗೆ ಕಾಣುವ ಪಾಚಿಗಳೇ ಲೈಕೆನ್ನಿನಿಂದ ಕಳಚಿಬಿದ್ದ ಚೂರುಗಳಿರಬಹುದು ಎಂದು! ಬೇರ್ಪಡಿಸಿ ತೋರಿಸಿದರೆ ಸಾಲದು, ಕೂಡಿಸಿಯೂ ತೋರಿಸಬೇಕೆಂಬುದು ಸ್ಪಷ್ಟವಾಯಿತು. 1871ರಲ್ಲಿ ಮ್ಯಾಕ್ಸ್ ರೇಸ್ ಎಂಬಾತ ಲೈಕೆನ್ನಿನ ಬೀಜಕಗಳನ್ನು ನೀಲಿಹಸಿರು ಪಾಚಿಯ ಮೇಲೆ ಬಿತ್ತಿ, ಎಳೆಗಳು ಅದರೊಳಗೆ ಹೊಕ್ಕು ಲೈಕೆನ್ನಿನ ಆಕಾರ ತಳೆಯತೊಡಗುವುದನ್ನು ಕಂಡನು. ಫ್ರಾನ್ಸಿನ ಬೋರ್ನೆ 1873ರಲ್ಲಿ ಹಲವು ಲೈಕೆನ್‌ಗಳಲ್ಲಿ ಎಳೆ ಮತ್ತು ಕಾಳು ಕೂಡಿಕೊಳ್ಳುವ ಬಗೆಯನ್ನು ವಿವರಿಸಿದನು. 1877ರಲ್ಲಿ ಜರ್ಮನಿಯ ಅರ್ನ್‌ಸ್ಟ್ ಶ್ಟಾಲ್ ಶಿಲೀಂಧ್ರದ ಬೀಜಕಗಳನ್ನೂ ಪಾಚಿಯ ಕೋಶಗಳನ್ನೂ ಸೇರಿಸಿ, ಮೊದಲಿನಿಂದ ಫಲಬಿಡುವ ಹಂತದವರೆಗೆ ಪೂರ್ಣ ಲೈಕೆನ್ನನ್ನು ಬೆಳೆಸಿ ತೋರಿಸಿದನು. ಎರಡು ಜೀವಿಗಳೆಂಬುದು ಸಿದ್ಧವಾಯಿತು.

ಉಳಿದದ್ದು ತೀರ್ಪಿನ ಪ್ರಶ್ನೆ. ಇಲ್ಲಿ ನೆನೆಯಬೇಕಾದವನು ಆಂಟನ್ ಡಿ ಬಾರಿ. ಐರ್ಲೆಂಡಿನಲ್ಲಿ 1840ರ ದಶಕದ ಘೋರ ಕ್ಷಾಮಕ್ಕೆ ಕಾರಣವಾದ ಆಲೂಗಡ್ಡೆಯ ಅಂಗಮಾರಿ ರೋಗಾಣುವನ್ನು ಕೂಲಂಕಷವಾಗಿ ಅಭ್ಯಾಸ ಮಾಡಿದ್ದ ಈ ಜರ್ಮನ್ ವಿದ್ವಾಂಸನಿಗೆ ಒಂದು ಜೀವಿ ಇನ್ನೊಂದನ್ನು ಹೇಗೆ ಕೊಲ್ಲಬಲ್ಲದೆಂಬುದು ಚೆನ್ನಾಗಿ ತಿಳಿದಿತ್ತು. ಕೆಲವು ಲೈಕೆನ್‌ಗಳು ಎರಡು ಜೀವಿಗಳ ಕೂಟವಾಗಿರಬಹುದೆಂಬ ಸಾಧ್ಯತೆಯನ್ನು ಶ್ವೆಂಡನರ್‌ಗಿಂತ ಒಂದು ವರ್ಷ ಮೊದಲೇ, 1866ರಲ್ಲಿ, ಮುಂದಿಟ್ಟವನೂ ಈತನೇ. ಆದರೆ ಪುರಾವೆ ಸಾಲದೆಂದು ಎರಡು ಸಾಧ್ಯತೆಗಳನ್ನೂ ಹೇಳಿ ಸುಮ್ಮನಾಗಿದ್ದನು. 1878ರಲ್ಲಿ ಕಾಸೆಲ್ ನಗರದಲ್ಲಿ ಸೇರಿದ ಜರ್ಮನ್ ವಿಜ್ಞಾನಿಗಳ ಮತ್ತು ವೈದ್ಯರ ಸಭೆಯಲ್ಲಿ ಆತ ಮಾಡಿದ ಭಾಷಣ ಮರುವರ್ಷ ಪುಸ್ತಕವಾಗಿ ಬಂದಿತು. ಅದರಲ್ಲಿ ಆತ ಬಳಸಿದ ಮಾತು ಸಿಂಬಯೋಸಿಸ್, ಅಂದರೆ ಕೂಡಿ ಬಾಳುವುದು. ಒಂದೇ ಹೆಸರಿನವಲ್ಲದ ಜೀವಿಗಳು ಒಟ್ಟಿಗೆ ಬದುಕುವುದಷ್ಟೇ ಅದರ ಅರ್ಥ. ಯಾರಿಗೆ ಲಾಭ, ಯಾರಿಗೆ ನಷ್ಟ ಎಂಬುದನ್ನು ಆ ಮಾತು ಹೇಳುವುದಿಲ್ಲ. ಒಂದನ್ನೊಂದು ಹೀರುವ ಸಂಬಂಧವೂ ಅದರೊಳಗೇ ಬರುತ್ತದೆ, ಪರಸ್ಪರ ಉಪಕಾರವೂ ಅದರೊಳಗೇ ಬರುತ್ತದೆ. ಅಜೋಲ ಎಂಬ ನೀರಿನ ಜರೀಗಿಡದ ಎಲೆಯ ಪೊಳ್ಳಿನಲ್ಲಿ ವಾಸಿಸುವ ನೀಲಿಹಸಿರು ಪಾಚಿಯನ್ನು ಆತ ಉದಾಹರಣೆಯಾಗಿ ಕೊಟ್ಟನು. ಗದ್ದೆಗೆ ಸಾರಜನಕದ ಗೊಬ್ಬರವಾಗಿ ಕರ್ನಾಟಕದ ರೈತರೂ ಬಳಸುವ ಅಜೋಲವೇ ಇದು. ಲೈಕೆನ್‌ಗಳ ಸಂದರ್ಭದಲ್ಲಿ ಇಂತಹದೇ ಪದವನ್ನು ಆಲ್ಬರ್ಟ್ ಫ್ರಾಂಕ್ ಎಂಬಾತ 1877ರಲ್ಲಿ ಬಳಸಿದ್ದನೆಂಬುದನ್ನೂ ಹೇಳಬೇಕು. ಮರದ ಬೇರಿಗೂ ಶಿಲೀಂಧ್ರಕ್ಕೂ ಇರುವ ನಂಟನ್ನು ವಿವರಿಸಿ, 1885ರಲ್ಲಿ ಅದಕ್ಕೆ ಹೆಸರಿಟ್ಟವನೂ ಆತನೇ.

ಡಿ ಬಾರಿಯ ಹಿರಿಮೆ ಹೊಸ ಸಂಗತಿಯೊಂದನ್ನು ಕಂಡದ್ದರಲ್ಲಿಲ್ಲ. ಸಂಗತಿಯನ್ನೂ ತೀರ್ಪನ್ನೂ ಬೇರ್ಪಡಿಸಿ, ತೀರ್ಪಿಗೆ ಅವಸರವಿಲ್ಲ ಎಂದು ಹೇಳುವ ಒಂದು ಶಬ್ದವನ್ನು ಕೊಟ್ಟದ್ದರಲ್ಲಿದೆ. ಅದಕ್ಕೆ ಮೊದಲಿದ್ದ ಶಬ್ದಗಳು ಮನುಷ್ಯರ ಊಟದ ಪಂಕ್ತಿಯಿಂದ ಎದ್ದುಬಂದವು. ಪ್ಯಾರಸೈಟ್ ಎಂಬ ಗ್ರೀಕ್ ಮೂಲದ ಪದಕ್ಕೆ ಪರರ ಮನೆಯಲ್ಲಿ ಕುಳಿತು ಉಣ್ಣುವವನು ಎಂದರ್ಥ. ಬೆಲ್ಜಿಯಮ್ಮಿನ ಪ್ರಾಣಿಶಾಸ್ತ್ರಜ್ಞ ಪಿಯರ್ ವಾನ್ ಬೆನೆಡೆನ್ 1875ರ ತನ್ನ ಗ್ರಂಥದಲ್ಲಿ ಒಂದೇ ಮೇಜಿನಲ್ಲಿ ಕೂಡಿ ಉಣ್ಣುವ ಪ್ರಾಣಿಗಳು, ಒಂದಕ್ಕೊಂದು ನೆರವಾಗುವ ಪ್ರಾಣಿಗಳು, ಹೀರಿ ಬದುಕುವ ಪ್ರಾಣಿಗಳು ಎಂದು ಮೂರು ಬಗೆ ಮಾಡಿದನು. ಕನ್ನಡದಲ್ಲಿಯೂ ಇದೇ ಕತೆ. ಪರೋಪಜೀವಿ ಎನ್ನುವಾಗ ಮುಖ ಸಿಂಡರಿಸುತ್ತದೆ. ಸಹಜೀವನ ಎನ್ನುವಾಗ ಮುಖ ಅರಳುತ್ತದೆ. ಡಿ ಬಾರಿಯ ಪದವನ್ನು ಸಹಜೀವನವೆಂದು ಅನುವಾದಿಸಿದ ಪಠ್ಯಪುಸ್ತಕಗಳು ಪರಸ್ಪರ ಲಾಭವೆಂಬ ಅರ್ಥವನ್ನು ಅದಕ್ಕೆ ಅಂಟಿಸಿಬಿಟ್ಟವು. ಜಗತ್ತಿನಾದ್ಯಂತ ಆದದ್ದೂ ಇದೇ. ತೀರ್ಪಿಲ್ಲದ ಶಬ್ದ ಬಹುಕಾಲ ತೀರ್ಪಿಲ್ಲದೆ ಉಳಿಯುವುದು ಕಷ್ಟವೆಂದು ತೋರುತ್ತದೆ.

20ನೆಯ ಶತಮಾನದ ಮಧ್ಯದಲ್ಲಿ ಈ ಸಂಬಂಧಗಳಿಗೆ ಅಂಕೆಯ ರೂಪ ಬಂದಿತು. ಎಡ್ವರ್ಡ್ ಹ್ಯಾಸ್ಕೆಲ್ 1949ರಲ್ಲಿಯೂ ಪಾಲ್ ಬರ್ಕ್‌ಹೋಲ್ಡರ್ 1952ರಲ್ಲಿಯೂ ಎರಡು ಜೀವಿಗಳ ನಡುವಣ ವ್ಯವಹಾರವನ್ನು ಕೂಡು, ಕಳೆ, ಸೊನ್ನೆಗಳ ಚಿಹ್ನೆಯಿಂದ ಗುರುತಿಸಿದರು. ಇಬ್ಬರಿಗೂ ಕೂಡು ಎಂದರೆ ಪರಸ್ಪರೋಪಕಾರ. ಒಬ್ಬನಿಗೆ ಕೂಡು, ಇನ್ನೊಬ್ಬನಿಗೆ ಕಳೆ ಎಂದರೆ ಬೇಟೆ ಅಥವಾ ಪರೋಪಜೀವನ. ಒಬ್ಬನಿಗೆ ಕೂಡು, ಇನ್ನೊಬ್ಬನಿಗೆ ಸೊನ್ನೆ ಎಂದರೆ ಸಹಭೋಜನ. ಇಬ್ಬರಿಗೂ ಕಳೆ ಎಂದರೆ ಸ್ಪರ್ಧೆ. ಜಮಾ-ಖರ್ಚಿನ ಎರಡು ಕಲಮುಗಳಂತೆ ಇದು ಬಲು ಅಚ್ಚುಕಟ್ಟು, ಶಾಲೆಗಳಲ್ಲಿ ಕಲಿಸಲು ಅನುಕೂಲ. ಆದರೆ ಲೆಕ್ಕ ಬರೆದು ಬಲ್ಲವರು ಇಲ್ಲಿ ಮೂರು ಪ್ರಶ್ನೆಗಳನ್ನು ಕೇಳದೆ ಇರಲಾರರು. ಲಾಭವನ್ನು ಯಾವ ನಾಣ್ಯದಲ್ಲಿ ಅಳೆದಿರಿ? ಎಷ್ಟು ಅವಧಿಯ ಲೆಕ್ಕವಿದು? ಈ ಪಾಲುದಾರಿಕೆಯೇ ಇಲ್ಲದಿದ್ದರೆ ಪಾಲುದಾರನ ಸ್ಥಿತಿ ಏನಾಗಿರುತ್ತಿತ್ತು?

ಲೈಕೆನ್ನಿನ ವಿಷಯದಲ್ಲಿ ಮೂರಕ್ಕೂ ಉತ್ತರ ತೊಡಕಾದದ್ದು. ಇಂಗ್ಲೆಂಡಿನ ಡೇವಿಡ್ ಸ್ಮಿತ್ ಅವರು 1960ರ ದಶಕದಲ್ಲಿ ವಿಕಿರಣಶೀಲ ಇಂಗಾಲವನ್ನು ಬಳಸಿ, ಪಾಚಿ ಬಿಸಿಲಿನಲ್ಲಿ ತಯಾರಿಸಿದ ಸಕ್ಕರೆ ಎತ್ತ ಹೋಗುತ್ತದೆಂದು ಪತ್ತೆಹಚ್ಚಿದರು. ಅದರ ದೊಡ್ಡ ಪಾಲು ಬಹುಬೇಗ ಶಿಲೀಂಧ್ರದ ಪಾಲಾಗುತ್ತಿತ್ತು. ಅದೇ ಪಾಚಿಯನ್ನು ಲೈಕೆನ್ನಿನಿಂದ ಬಿಡಿಸಿ ಬೇರೆ ಇಟ್ಟರೆ, ಸ್ವಲ್ಪ ಕಾಲದಲ್ಲಿಯೇ ಸಕ್ಕರೆಯನ್ನು ಹೊರಬಿಡುವುದನ್ನು ನಿಲ್ಲಿಸಿಬಿಡುತ್ತಿತ್ತು. ಎಂದಮೇಲೆ ಅದು ದಾನವೆನ್ನಬೇಕೆ, ಸುಲಿಗೆಯೆನ್ನಬೇಕೆ? ಅಮೆರಿಕದ ವರ್ನನ್ ಅಹಮಾಡ್ಜಿಯನ್ ಅವರು ಪ್ರಯೋಗಾಲಯದಲ್ಲಿ ಲೈಕೆನ್ನುಗಳನ್ನು ಪುನಃ ಕೂಡಿಸಿ ನೋಡಿ, ಇದು ಹದವರಿತ ಪರೋಪಜೀವನವೆಂದೇ ವಾದಿಸಿದರು. ಹೊಂದದ ಪಾಚಿಗಳನ್ನು ಶಿಲೀಂಧ್ರವು ಕೊಂದುಬಿಡುವುದನ್ನು ಅವರು ಕಂಡಿದ್ದರು. ಅವರೇ ಕಂಡ ಇನ್ನೊಂದು ಸಂಗತಿಯೂ ಉಂಟು. ಧಾರಾಳವಾಗಿ ಆಹಾರವಿಟ್ಟರೆ ಎರಡೂ ಬೇರೆ ಬೇರೆಯಾಗಿ ಬೆಳೆದುಕೊಳ್ಳುತ್ತವೆ, ಕೂಡುವುದಿಲ್ಲ. ಆಹಾರ ಕಡಿಮೆಯಾದಾಗಲಷ್ಟೇ ಒಂದಾಗುತ್ತವೆ. ಬರಗಾಲದಲ್ಲಿ ಹುಟ್ಟುವ ಪಾಲುದಾರಿಕೆಯಿದು.

ಮತ್ತೊಂದು ಪಕ್ಷದ ಮಾತೂ ಸುಳ್ಳಲ್ಲ. ಕೆಲವು ಲೈಕೆನ್‌ಗಳಲ್ಲಿರುವ ಪಾಚಿಯ ಬಗೆಗಳು ಹೊರಗೆ ಸ್ವತಂತ್ರವಾಗಿ ಕಾಣಸಿಗುವುದು ಅಪರೂಪ. ಬರಿಯ ಬಂಡೆಯ ಮೇಲೆ, ಬೇಸಿಗೆಯ ಉರಿಯಲ್ಲಿ, ಅಂಟಾರ್ಕ್ಟಿಕದ ಹಿಮದ ಅಂಚಿನಲ್ಲಿ ಅವು ಬದುಕಿರುವುದು ಶಿಲೀಂಧ್ರದ ಹೊದಿಕೆಯಿಂದ. ಬಿಡುಗಡೆಯಾದರೆ ಬದುಕಲು ಎಡೆಯೇ ಇಲ್ಲದವನನ್ನು ಗುಲಾಮನೆನ್ನುವುದು ಹೇಗೆ, ಸ್ವತಂತ್ರನೆನ್ನುವುದು ಹೇಗೆ? ಶ್ವೆಂಡನರ್ ಉಪಮೆಯಿಟ್ಟು ಒಂದೂವರೆ ಶತಮಾನ ಕಳೆದರೂ ಪಾಚಿಯ ಕಲಮಿನಲ್ಲಿ ಬರೆಯಬೇಕಾದ ಚಿಹ್ನೆ ಯಾವುದೆಂಬುದರಲ್ಲಿ ಒಮ್ಮತವಿಲ್ಲ.

ಹೆಸರಿನ ಗೊಂದಲವನ್ನು ವಿಜ್ಞಾನಿಗಳು ವ್ಯಾವಹಾರಿಕವಾಗಿ ಬಗೆಹರಿಸಿಕೊಂಡರು. 1950ರ ಸ್ಟಾಕ್‌ಹೋಮ್ ಸಸ್ಯಶಾಸ್ತ್ರ ಸಮಾವೇಶದಲ್ಲಿ, ಲೈಕೆನ್ನಿಗೆ ಇಟ್ಟ ಹೆಸರನ್ನು ಅದರ ಶಿಲೀಂಧ್ರದ ಹೆಸರೆಂದೇ ತಿಳಿಯಬೇಕೆಂಬ ನಿಯಮವಾಯಿತು. ಒಳಗಿರುವ ಪಾಚಿಗೆ ಅದರದೇ ಬೇರೆ ಹೆಸರು. ಇಬ್ಬರು ಪಾಲುದಾರರ ಅಂಗಡಿಗೆ ಒಬ್ಬನ ಹೆಸರಿನ ಫಲಕ ಹಾಕಿದಂತೆ ಇದು. ವ್ಯವಹಾರಕ್ಕೆ ತೊಂದರೆಯಿಲ್ಲ, ಆದರೆ ಫಲಕವನ್ನು ನೋಡಿ ಮಾಲೀಕತ್ವವನ್ನು ನಿರ್ಣಯಿಸಬಾರದು. ಇದೇ ಅವಧಿಯಲ್ಲಿ ಆ ಪಾಲುದಾರರ ಕುಲಗೋತ್ರಗಳೂ ಬದಲಾದವು. ರಾಬರ್ಟ್ ವಿಟ್ಟೇಕರ್ ಅವರು 1969ರಲ್ಲಿ ಮಂಡಿಸಿದ ಐದು ಸಾಮ್ರಾಜ್ಯಗಳ ಪದ್ಧತಿಯಲ್ಲಿ ಶಿಲೀಂಧ್ರಗಳು ಸಸ್ಯಗಳಿಂದ ಬೇರೆಯಾಗಿ ನಿಂತವು. 1993ರ ಹೊತ್ತಿಗೆ ಅಣುಮಟ್ಟದ ಸಾಕ್ಷ್ಯಗಳು ಅವು ಸಸ್ಯಗಳಿಗಿಂತ ಪ್ರಾಣಿಗಳಿಗೇ ಹತ್ತಿರದ ಬಂಧುಗಳೆಂದು ತೋರಿಸಿದವು. ಲಿನೇಯಸನ ಪುಸ್ತಕದಲ್ಲಿ ಪಾಚಿಗಳ ನಡುವೆ ಮುದುಡಿ ಕುಳಿತಿದ್ದ ಬಡ ಒಕ್ಕಲು, ಹೀಗೆ ಎರಡು, ಒಮ್ಮೊಮ್ಮೆ ಮೂರು ಸಾಮ್ರಾಜ್ಯಗಳ ಕೂಟವಾಗಿ ಪರಿಣಮಿಸಿತು.

ಇಷ್ಟು ಓದಿದ ಶ್ರಾವಕರಲ್ಲಿ ಕೆಲವರಿಗಾದರೂ ಸಾಧಾರಣ ವನಸ್ಪತಿಯ ವಿಚಾರ ನೆನಪಾಗಿರಬೇಕು. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರ ಜೀವಕಾಂಡದಲ್ಲಿ, ಒಂದೇ ಶರೀರದಲ್ಲಿ ಅನಂತ ಜೀವಗಳು ಆಹಾರವನ್ನೂ ಉಸಿರಾಟವನ್ನೂ ಸಮಾನವಾಗಿ ಹೊಂದಿ ಇರುವ ವಿವರಣೆ ಬರುತ್ತದೆ. ಒಂದು ಒಡಲಿಗೆ ಒಂದೇ ಜೀವವಿರಬೇಕೆಂಬ ನಿಯಮವಿಲ್ಲವೆಂಬುದು ಜೈನ ಚಿಂತನೆಗೆ ಹೊಸದಲ್ಲ. ಆದುದರಿಂದಲೇ ಲೈಕೆನ್ನಿನ ಶೋಧ ಯೂರೋಪಿನ ವಿದ್ವಾಂಸರನ್ನು ಕಲಕಿದಷ್ಟು ಜೈನ ಓದುಗನನ್ನು ಕಲಕುವುದಿಲ್ಲ. ಆದರೆ ಇವೆರಡನ್ನೂ ಒಂದೇ ಎಂದು ಹೇಳುವ ಉತ್ಸಾಹ ಸಲ್ಲದು. ಆಚಾರ್ಯರು ಹೇಳಿದ್ದು ಜೀವತತ್ತ್ವದ ಮಾತು. ಶ್ವೆಂಡನರ್ ಹೇಳಿದ್ದು ಸೂಕ್ಷ್ಮದರ್ಶಕದಲ್ಲಿ ಕಂಡ ಎಳೆ ಮತ್ತು ಕಾಳುಗಳ ಮಾತು. ಅಲ್ಲಿ ಜೀವಗಳು ಅನಂತ, ಇಲ್ಲಿ ಪ್ರಭೇದಗಳು ಎರಡು. ಪಾಶ್ಚಾತ್ಯರು ಕಂಡದ್ದೆಲ್ಲ ಆಗಮದಲ್ಲಿ ಮೊದಲೇ ಇತ್ತೆನ್ನುವುದರಿಂದ ಆಗಮದ ಗೌರವ ಹೆಚ್ಚುವುದಿಲ್ಲ. ಓದುವ ಶ್ರಮ ತಪ್ಪುತ್ತದೆ, ಅಷ್ಟೆ.

ಎರಡು ಎಂಬ ಲೆಕ್ಕವಾದರೂ ಕೊನೆಯದೆ? ಉತ್ತರ ಅಮೆರಿಕದ ವಾಯವ್ಯ ಭಾಗದ ಕಾಡುಗಳಲ್ಲಿ ಮರದ ಕೊಂಬೆಗಳಿಂದ ಜಡೆಯಂತೆ ಜೋಲುವ ಎರಡು ಲೈಕೆನ್‌ಗಳಿವೆ. ಒಂದು ಕಂದು ಬಣ್ಣದ್ದು. ಅಲ್ಲಿನ ಮೂಲನಿವಾಸಿಗಳು ತಲೆತಲಾಂತರದಿಂದ ಅದನ್ನು ಬೇಯಿಸಿ ತಿನ್ನುತ್ತ ಬಂದವರು. ಇನ್ನೊಂದು ಹಳದಿ ಛಾಯೆಯದು, ವಿಷಯುಕ್ತ. ವಂಶವಾಹಿಗಳನ್ನು ಹೋಲಿಸಿದಾಗ ಎರಡರಲ್ಲಿಯೂ ಶಿಲೀಂಧ್ರ ಅದೇ, ಪಾಚಿಯೂ ಅದೇ! ಒಂದೇ ಪಾಲುದಾರರ ಒಂದು ಅಂಗಡಿಯಲ್ಲಿ ಆಹಾರ, ಇನ್ನೊಂದರಲ್ಲಿ ವಿಷ. ಟೋಬಿ ಸ್ಪ್ರಿಬಿಲ್ ಅವರೂ ಸಹೋದ್ಯೋಗಿಗಳೂ 2016ರಲ್ಲಿ ಇದರ ಗುಟ್ಟನ್ನು ಬೆನ್ನಟ್ಟಿ, ಹೊರಪದರದಲ್ಲಿ ಯೀಸ್ಟ್ ಜಾತಿಯ ಇನ್ನೊಂದು ಶಿಲೀಂಧ್ರವನ್ನು ಕಂಡರು. ವಿಷವುಳ್ಳದ್ದರಲ್ಲಿ ಅದು ಬಹಳ ಹೆಚ್ಚಾಗಿತ್ತು. 149 ವರ್ಷಗಳ ಕಾಲ ಸಾವಿರಾರು ಕಣ್ಣುಗಳು ನೋಡಿದ ಸೀಳಿನಲ್ಲಿ ಮೂರನೆಯವನೊಬ್ಬ ಕಾಣದೆ ಕುಳಿತಿದ್ದನು. ಮುಂದಿನ ಅಧ್ಯಯನಗಳಲ್ಲಿ ಎಲ್ಲ ಲೈಕೆನ್‌ಗಳಲ್ಲಿಯೂ ಆ ಯೀಸ್ಟ್ ದೊರೆಯಲಿಲ್ಲ. ಅದು ಪಾಲುದಾರನೋ, ಅತಿಥಿಯೋ, ಬಾಡಿಗೆದಾರನೋ ಎಂಬ ಚರ್ಚೆ ನಡೆದಿದೆ. ಡಿ ಬಾರಿಯ ತೀರ್ಪಿಲ್ಲದ ಶಬ್ದ ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ.

ಬಸದಿಗಳ ಆಡಳಿತ ನೋಡಿಕೊಳ್ಳುವವರಿಗೆ ಲೈಕೆನ್ ಇನ್ನೊಂದು ಕಾರಣಕ್ಕೆ ಪರಿಚಿತ. ಮಾನಸ್ತಂಭಗಳ ಮೇಲೆ, ನಿಷಿಧಿಗಲ್ಲುಗಳ ಮೇಲೆ ಬಿಳಿ, ಬೂದು, ಕಿತ್ತಳೆ ಬಣ್ಣದ ಮಚ್ಚೆಗಳಂತೆ ಹರಡಿರುವುದು ಇದೇ ಬಳಗ. ಇವುಗಳ ಎಳೆಗಳು ಕಲ್ಲಿನ ಹರಳುಗಳ ನಡುವೆ ಇಳಿದು, ಆಮ್ಲಗಳನ್ನು ಸ್ರವಿಸಿ ಕಲ್ಲನ್ನು ನಿಧಾನವಾಗಿ ಸಡಿಲಿಸುತ್ತವೆ. ಕೆಲವೆಡೆ ಮಳೆ-ಗಾಳಿಯ ಹೊಡೆತದಿಂದ ಕಲ್ಲನ್ನು ಕಾಪಾಡುವುದೂ ಉಂಟೆಂದು ತಜ್ಞರು ಕಂಡಿದ್ದಾರೆ. ಅವಸರದಲ್ಲಿ ತಂತಿಯ ಕುಂಚದಿಂದ ಉಜ್ಜಿದರೆ ಲೈಕೆನ್ನಿನೊಡನೆ ಶಾಸನದ ಅಕ್ಷರಗಳೂ ಎದ್ದುಬರುತ್ತವೆ. ಉತ್ಸವದ ಹಿಂದಿನ ದಿನ ಕೂಲಿಯಾಳುಗಳ ಕೈಗೆ ಆಮ್ಲದ ಬಾಟಲಿ ಕೊಡುವ ಮುನ್ನ, ಶಿಲಾಸಂರಕ್ಷಣೆ ಬಲ್ಲವರನ್ನು ಕೇಳುವುದು ಲೇಸು. ಕಲ್ಲಿಗೆ ಅಂಟಿಕೊಳ್ಳುವ ಬಗೆಯ ಲೈಕೆನ್‌ಗಳು ಎಷ್ಟೋ ಕಡೆ ವರ್ಷಕ್ಕೆ ಒಂದು ಮಿಲಿಮೀಟರ್ ಕೂಡ ಬೆಳೆಯುವುದಿಲ್ಲ. ಅಂಗೈಯಗಲದ ಮಚ್ಚೆಯೆಂದರೆ ಹಲವು ತಲೆಮಾರುಗಳ ಬಾಳು. ಆಸ್ಟ್ರಿಯಾದ ರೋಲಂಡ್ ಬೆಷೆಲ್ ಅವರು 1950ರಲ್ಲಿ ಇದೇ ನಿಧಾನಗತಿಯನ್ನು ಉಪಯೋಗಿಸಿ, ಮಚ್ಚೆಯ ಅಗಲದಿಂದ ಬಂಡೆ ಬಯಲಾದ ಕಾಲವನ್ನು ಅಳೆಯುವ ವಿಧಾನವನ್ನು ರೂಪಿಸಿದರು.

ಇನ್ನು ಅಡುಗೆಮನೆಯ ಪ್ರಶ್ನೆ. ಮಸಾಲೆಯ ಕಲ್ಲುಹೂವು ಎಲೆಯಾಕಾರದ ಲೈಕೆನ್. ಅದರ ಒಡಲಿನ ಬಹುಪಾಲು ಶಿಲೀಂಧ್ರದ ಎಳೆಗಳು, ಉಳಿದ ಸಣ್ಣ ಪಾಲು ಹಸಿರು ಪಾಚಿ. ವಿಜ್ಞಾನ ಹೇಳಬಲ್ಲದ್ದು ಇಷ್ಟೇ. ಅದು ಅಣಬೆಯ ಸಾಲಿಗೆ ಸೇರಿದ್ದೆಂದು ಬಿಡಬೇಕೋ, ಒಣಗಿದ ತೊಗಟೆಯಂತೆ ತಿಳಿದು ಬಳಸಬೇಕೋ ಎಂಬುದನ್ನು ಮುನಿಗಳನ್ನೂ ಪಂಡಿತರನ್ನೂ ಕೇಳಿ ಆಯಾ ಮನೆಯವರು ನಿರ್ಧರಿಸಬೇಕಾದ ವಿಷಯ. ಹಾಗೆ ಕೇಳುವಾಗ ಇನ್ನೊಂದು ಸಂಗತಿಯನ್ನೂ ಅವರ ಮುಂದಿಡಬಹುದು. ಲವಂಗಕ್ಕೆ, ಏಲಕ್ಕಿಗೆ ತೋಟಗಳಿವೆ, ಕಲ್ಲುಹೂವಿಗೆ ತೋಟವಿಲ್ಲ. ಅಂಗಡಿಗೆ ಬರುವುದೆಲ್ಲ ಹಿಮಾಲಯದ ಇಳಿಜಾರಿನಿಂದಲೋ ದಕ್ಷಿಣದ ಮಲೆಗಳಿಂದಲೋ ಕೆರೆದು ತಂದದ್ದು. ಕೆರೆದ ಜಾಗದಲ್ಲಿ ಅಷ್ಟೇ ಅಗಲ ಮರಳಿ ಬೆಳೆಯಬೇಕಾದರೆ ಅನೇಕ ವರ್ಷಗಳು ಬೇಕು.